ಜಂಬಮ್ಮನ ಪಾಳಿ

ಮಂಡಪಂ ಸಮುದ್ರದಂಡೆಯಿಂದ ಹೊರಟ ದೋಣಿ ಹವಳದ ದಿಬ್ಬದ ಮೇಲೆ ಲಂಗರು ಹಾಕಿದಾಗ ಜಂಬಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ತಯಾರಾಗಿ ಕೂತಿದ್ದಳು. ನೀರೊಳಗೆ ನೋಡುವ ಗಾಜಿನ ಮುಖವಾಡ, ಬಾಯಲ್ಲಿ ಕಚ್ಚಿ ಉಸಿರಾಡುವ ಕೊಳವೆ, ದೋಣಿಯವನ ಹತ್ತಿರ ಇದ್ದದ್ದು ಒಂದೇ ಜೋಡಿ. ಅವನು ಅದನ್ನು ಮುಂದೆ ಹಿಡಿದದ್ದೇ ತಡ, ಗಂಡ ಪರಮಣ್ಣ ಕಸಿದುಕೊಂಡ.

"ಮೊದಲನೇ ಪಾಳಿ ನಂದು ಅಂತ ಟೇಶನ್ನಿನಾಗ ನೀವ ಹೇಳಿದ್ರಿ," ಎಂದಳು ಜಂಬಮ್ಮ.

"ಗಂಡಸ್ರು ನೋಡಿ ಬರ್ತೀವಿ ತಡಿ. ಆಳ ಎಷ್ಟದನೋ ಏನೋ."

ಆಳದ ಮಾತಾಡಿದ ಈ ಮಹಾಶಯ ಮಾನ್ವಿಯ ಕೆರೆಯಲ್ಲಿ ಮೊಣಕಾಲು ದಾಟಿ ಇಳಿದವನಲ್ಲ. ಜಂಬಮ್ಮನೋ, ಜಾಲಹಳ್ಳಿಯ ಹೊಲದ ಬಾವಿಯಲ್ಲಿ ಬೆನ್ನಿಗೆ ಬೆಂಡು ಕಟ್ಟಿಕೊಂಡು ಈಜು ಕಲಿತವಳು. ಬೆಂಡು ಬಿಚ್ಚಿದ ಮೇಲೆ ಕಟ್ಟೆಯಿಂದ ಹಾರಿ ತಳದ ಹರಳು ಹೆಕ್ಕಿ ತಂದವಳು. ಮದುವೆಯಾಗಿ ಮಾನ್ವಿಗೆ ಬಂದಾಗ, ಸೊಸೆಯಾದವಳು ನೀರಿಗೆ ಹಾರುವುದೇ ಎಂದು ಅತ್ತೆ ಆದೆಮ್ಮ ಬಾಯಿ ಮಾಡಿದಳು, ಗಂಡ ಗೋಣು ಹಾಕಿದ, ಅಲ್ಲಿಗೆ ಈಜು ಮುಗಿಯಿತು.

ಅಷ್ಟಕ್ಕೂ ಈ ಪ್ರವಾಸ ಯಾರದು? ದಿನಾ ಬಸ್ಸು ಹಿಡಿದು ರಾಯಚೂರಿಗೆ ಹೋಗಿ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು, ಸಿರವಾರದವರ ಮಾತು ಮದ್ರಾಸಿಗೆ, ದೇವದುರ್ಗದವರ ಮಾತು ಬೊಂಬಾಯಿಗೆ ಜೋಡಿಸಿ ಕೊಟ್ಟವಳು ಅವಳು. ಸರ್ಕಾರ ಪ್ರವಾಸದ ಖರ್ಚು ಕೊಡುವ ಎಲ್‌ಟಿಸಿ ಸಿಕ್ಕದ್ದು ಅವಳ ನೌಕರಿಗೆ. ಅವಳು ಕೂರುವ ಜಾಗದ ಎದುರಿಗೆ ಎಂಬತ್ತನಾಲ್ಕರ ಕ್ಯಾಲೆಂಡರ್ ಇತ್ತು, ಅದರಲ್ಲಿ ಹವಳದ ನಡುವೆ ಮೀನು ಆಡುವ ಚಿತ್ರ. ವರ್ಷ ಮುಗಿದರೂ ಅದನ್ನು ಯಾರಿಗೂ ತೆಗೆಯಗೊಟ್ಟಿರಲಿಲ್ಲ. ಬದುಕಿನಲ್ಲಿ ಒಮ್ಮೆ ಅದನ್ನು ಕಣ್ಣಾರೆ ನೋಡಬೇಕು, ಅಷ್ಟೇ ಅವಳ ಆಸೆ. ಅದಕ್ಕೂ ಇವರ ಹಿಂದೆ ನಿಲ್ಲಬೇಕೆ?

ಪರಮಣ್ಣ ನೀರಿಗಿಳಿದು, ದೋಣಿಯ ಹಗ್ಗ ಬಿಡದೆ ಒದ್ದಾಡಿ, ಹೊಟ್ಟೆ ತುಂಬ ಉಪ್ಪುನೀರು ಕುಡಿದು ಮೇಲೆ ಬಂದ. ಆಮೇಲೆ ಮೈದುನ ತಾಯಪ್ಪ ಇಳಿದ. ಇವರಿಬ್ಬರಿಗೆ ಬೇಕಾಗಿದ್ದು ಮೀನಲ್ಲ. ತಾಳಿಯ ಕರಿಮಣಿ ನಡುವೆ ಪೋಣಿಸುವ ಕೆಂಪು ಹವಳ ಸಮುದ್ರದಲ್ಲಿ ಕಾಳಿನಂತೆ ಉದುರಿ ಬಿದ್ದಿರುತ್ತದೆ, ಬಾಚಿಕೊಂಡು ಬರ್ರಿ ಎಂದು ಆದೆಮ್ಮ ಚೀಲ ಕೊಟ್ಟು ಕಳಿಸಿದ್ದಳು.

"ಒಂದೂ ಕೆಂಪು ಮಣಿ ಇಲ್ಲ ಯಣ್ಣಾ, ಬರೇ ಕಲ್ಲು," ಎಂದು ತಾಯಪ್ಪ ದೋಣಿ ಹತ್ತಿ ಖಾಲಿ ಚೀಲ ಝಾಡಿಸಿದ.

"ಹಂಗಾರ ನೋಡಾದು ಏನಿಲ್ಲ. ನಡೀರಿ, ಹೊಳ್ಳಿ ಹೋಗಾಮು," ಎಂದು ಪರಮಣ್ಣ ದೋಣಿಯವನಿಗೆ ಸನ್ನೆ ಮಾಡಿದ.

ಜಂಬಮ್ಮನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಇವರ ಕಣ್ಣಿಗೆ ಕಾಣದಿದ್ದರೆ ಅಲ್ಲಿ ಏನೂ ಇಲ್ಲವಂತೆ! ಮೈದುನನ ಕೈಯಿಂದ ಮುಖವಾಡ ಕಿತ್ತುಕೊಂಡಳು.

"ನನ್ನ ಪಾಳಿ ಇನ್ನಾ ಆಗಿಲ್ಲ."

"ತಲಿ ಕೆಟ್ಟದೇನು?" ಪರಮಣ್ಣ ಅವಳ ರಟ್ಟೆ ಹಿಡಿದ. "ತಾಳಿ ಹರದು ನೀರು ಪಾಲಾದ್ರ ನನ್ನ ಗತಿ ಏನು? ಗಂಡನ ಜೀವದ ಖಬರ್ ಅದನೋ ಇಲ್ಲೋ ನಿನಗ?"

ಬಾವಿಯ ಹತ್ತಿರ ಹೋದರೆ ಇದೇ ಮಾತು, ಕಾಲುವೆಗೆ ಹೋದರೆ ಇದೇ ಮಾತು. ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ಕೈ ಕೊಡವಿ ಬಿಡಿಸಿಕೊಂಡಳು. ತಾಳಿಯನ್ನು ತಲೆಯ ಮೇಲಿಂದ ತೆಗೆದಳು. ಗಂಡನ ಅಂಗೈಯಲ್ಲಿಟ್ಟು, ಒಂದೊಂದಾಗಿ ಅವನ ಬೆರಳು ಮಡಚಿದಳು.

"ಹಿಡಕೋರಿ. ನಿಮ್ಮ ಜೀವ ನೀವ ಕಾಯ್ರಿ."

ಕಚ್ಚೆ ಬಿಗಿದು ಹಾರಿಯೇಬಿಟ್ಟಳು.

ಕೆಳಗೆ ಕವಲೊಡೆದ ಕೊಂಬೆಗಳಿದ್ದವು, ಹೂಕೋಸಿನಂಥ ಗಡ್ಡೆಗಳಿದ್ದವು. ಕಂದು, ಹಸಿರು, ನೇರಳೆ. ಹಳದಿ ಪಟ್ಟೆಯ ಮೀನೊಂದು ಅವಳ ಬಳೆಯನ್ನು ಮೂಸಿ ಹೋಯಿತು. ಕ್ಯಾಲೆಂಡರಿನವನು ಇದರ ಅರ್ಧವನ್ನೂ ತೋರಿಸಿರಲಿಲ್ಲ. ಬರೇ ಕಲ್ಲಂತೆ, ಬರೇ ಕಲ್ಲು! ಕೊಳವೆ ಕಚ್ಚಿಕೊಂಡೇ ಇಬ್ಬರಿಗೂ ಬಾಯಿಗೆ ಬಂದಂತೆ ಬೈದಳು.

ಮೇಲೆ ಬಂದಾಗ ಪರಮಣ್ಣ ದೋಣಿಯ ನಟ್ಟನಡುವೆ ಕುಕ್ಕರಗಾಲಲ್ಲಿ ಕೂತಿದ್ದ. ತಾಳಿಯನ್ನು ಎರಡೂ ಕೈಯಿಂದ ಎದೆಗೆ ಒತ್ತಿ ಹಿಡಿದಿದ್ದ. ದೋಣಿ ಹೊಯ್ದಾಡಿದರೂ ಆಸರೆಗೆ ಒಂದು ಕೈ ಚಾಚಲು ಅಂಜುತ್ತಿದ್ದ.

"ಬಂದ್ಯಾ? ಲಗೂನ ಹಾಕ್ಕೋ ಯವ್ವಾ," ಎಂದ.

ಜಂಬಮ್ಮ ದೋಣಿಯ ಅಂಚು ಹಿಡಿದು ಮುಖವಾಡದೊಳಗಿನ ನೀರು ಚೆಲ್ಲಿದಳು.

"ಗಟ್ಟಿ ಹಿಡಕೋರಿ," ಎಂದಳು. "ಇನ್ನೊಮ್ಮಿ ಹೋಗ್ತೀನಿ."