ಬೇರೆ ಇಟ್ಟ ಹವಳಗಳು

ನರ್ತಾಯ್ ತೀರಿಕೊಂಡ ನಲವತ್ತನೇ ದಿನದ ಊಟ ಮುಗಿದಿತ್ತು. ಅಡುಗೆಮನೆಯಲ್ಲಿ ಬಟ್ಟಲು ತೊಳೆಯುತ್ತಿದ್ದ ರೌಶಾನಳನ್ನು ಅವನ ತಾಯಿ ಬತಿಮಾ ಅಪಾ ಒಳಕೋಣೆಗೆ ಕರೆದರು. ಮಗನ ಅಕ್ವೇರಿಯಂ ಅಲ್ಲಿ ಇನ್ನೂ ಗುಂಯ್‌ಗುಡುತ್ತಿತ್ತು. ಮೀನುಗಳು ಆಗಲೇ ಸತ್ತಿದ್ದವು. ರೌಶಾನ್ ಆಗಾಗ ಬಂದು ಉಪ್ಪುನೀರು ಬದಲಿಸಿದ್ದರಿಂದ ಕೊಂಬೆ ಹವಳಗಳಷ್ಟೇ ಉಳಿದುಕೊಂಡಿದ್ದವು.

"ನಂಗೆ ಇದರ ತಲೆಬುಡ ಗೊತ್ತಾಗಲ್ಲ ಮಗಳೇ. ತಗೊಂಡು ಹೋಗು. ನಿನ್ನವುಗಳ ಜೊತೆ ಬದುಕ್ಕೊಳ್ಳಲಿ," ಅಂದರು ಅಪಾ.

ಕರಗಂಡಾ ಕಡಲಿಂದ ಬಲು ದೂರದ ಕಲ್ಲಿದ್ದಲಿನ ಊರು. ಸಮುದ್ರವನ್ನು ಮನೆಯೊಳಗೆ ಸಾಕುವ ಹುಚ್ಚು ಅಲ್ಲಿ ರೌಶಾನಳಿಗೆ ತಿಳಿದಂತೆ ಇಬ್ಬರಿಗೇ ಇದ್ದದ್ದು. ಇಬ್ಬರೂ ಒಂದೇ ಕಡೆ ಕಟ್ಟುಹಲ್ಲು ಮಾಡುವ ಕೆಲಸದಲ್ಲಿದ್ದವರು. ಅವಳ ಕೈಗೆ ಮೊದಲ ಹವಳದ ತುಂಡು ಕೊಟ್ಟವನೇ ನರ್ತಾಯ್. ಮಂಜುಗಟ್ಟಿದ ರಸ್ತೆಯಲ್ಲಿ ಕಾರು ಜಾರಿ ಅವನು ಹೋದ ಮೇಲೆ, ನೀರಿನ ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಹರಟಲು ಅವಳಿಗೆ ಯಾರೂ ಇರಲಿಲ್ಲ.

ಹವಳಗಳನ್ನು ತಂದವಳು ಪಕ್ಕದ ಕೋಣೆಯಲ್ಲಿ ಬೇರೊಂದು ಗಾಜಿನ ತೊಟ್ಟಿ ಹೂಡಿ, ದೀಪ ಕಟ್ಟಿ ಅಲ್ಲಿಟ್ಟಳು. ಮದ್ದಿನ ನೀರಲ್ಲಿ ಅದ್ದಿ ಪಿಚಕಾರಿಯಿಂದ ನೀರು ಚಿಮ್ಮಿಸಿ ನೋಡಿದಳು. ಹವಳ ತಿನ್ನುವ ಹುಳ ಒಂದೂ ಉದುರಲಿಲ್ಲ. ಆದರೂ ಬುಡದಲ್ಲಿ ಮೊಟ್ಟೆ ಇದ್ದರೆ ಮದ್ದಿಗೆ ಸಾಯುವುದಿಲ್ಲ, ಮರಿಯಾದ ಮೇಲೆ ಮತ್ತೆ ಅದ್ದಬೇಕು ಎಂದು ಅವಳಿಗೆ ಗೊತ್ತಿತ್ತು.

ಮುಂದಿನ ವಾರ ಅಪಾ ಬೌರ್ಸಾಕ್ ಎಂಬ ಕರಿದ ಹಿಟ್ಟಿನುಂಡೆಗಳ ಡಬ್ಬಿ ಹಿಡಿದು ಬಂದರು. ರೌಶಾನಳ ಹವಳಗಳಿದ್ದ ದೊಡ್ಡ ತೊಟ್ಟಿಯ ಮುಂದೆ ನಿಂತು ಹುಡುಕಿದರು.

"ಎಲ್ಲಿ, ಅವನದ್ದು?"

ರೌಶಾನ್ ಪಕ್ಕದ ಕೋಣೆ ತೋರಿಸಿದಳು. ಬರಿಯ ತೊಟ್ಟಿ, ಕಲ್ಲಿಲ್ಲ, ಮರಳಿಲ್ಲ. ಅಪಾ ಮುಖ ಚಿಕ್ಕದು ಮಾಡಿಕೊಂಡರು.

"ಯಾಕಮ್ಮ, ಮೈಲಿಗೆಯಾ ಅವು?"

"ಹಂಗಲ್ಲ ಅಪಾ. ಹೊಸದಾಗಿ ಬಂದದ್ದನ್ನ ಒಂದೂವರೆ ತಿಂಗಳಾದ್ರೂ ಬೇರೆ ಇಡ್ಬೇಕು. ಹುಳ ಇದ್ರೆ ಎಲ್ಲಾನೂ ತಿಂದ್ಹಾಕತ್ತೆ. ಇದನ್ನ ನಂಗೆ ಕಲಿಸಿದ್ದೇ ನರ್ತಾಯ್."

"ಅಂಗಡಿಯಿಂದ ತಂದದ್ದಕ್ಕೆ ಕಲಿಸಿರ್ತಾನೆ. ಅವನ ಮನೆಯದಕ್ಕಲ್ಲ."

ಅಪಾ ಚಹಾ ಮುಟ್ಟಲಿಲ್ಲ. ಕಿಟಕಿಯ ಕಡೆ ನೋಡುತ್ತಾ ಹೇಳಿದರು: "ಆ ರೋಗದ ವರ್ಷ ನರ್ತಾಯ್ ಅಪ್ಪನ್ನೂ ಹಿಂಗೇ ಬೇರೆ ಇಟ್ಟಿದ್ರು. ನಾನು ಆಸ್ಪತ್ರೆ ಅಂಗಳದಲ್ಲಿ ನಿಂತು ಕಿಟಕಿಗೆ ಕೈ ಬೀಸ್ತಿದ್ದೆ. ಯಾವ ಕಿಟಕಿ ಅಂತಲೂ ಗೊತ್ತಿರ್ಲಿಲ್ಲ. ಒಂಟಿಯಾಗೇ ಹೋಗ್ಬಿಟ್ರು."

ರೌಶಾನ್ ಎದ್ದು ಹೋಗಿ, ನರ್ತಾಯ್ ಅಚ್ಚುಮೆಚ್ಚಿನಿಂದ ಬೆಳೆಸಿದ್ದ ನೇರಳೆ ತುದಿಯ ಹವಳವನ್ನು ಇನ್ನೊಮ್ಮೆ ಅದ್ದಿ, ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಶುದ್ಧವಾಗಿಯೇ ಕಂಡಿತು. ಒಂದೇ ಒಂದು ತಾನೇ ಎಂದುಕೊಂಡು ದೊಡ್ಡ ತೊಟ್ಟಿಯ ನಡುಗಲ್ಲಿನ ಮೇಲೆ ಕೂರಿಸಿದಳು. ಅಪಾ ಗಾಜಿಗೆ ಅಂಗೈ ಒತ್ತಿ ನಿಂತರು. ಆಮೇಲೆ ಎರಡು ಬಟ್ಟಲು ಚಹಾ ಕುಡಿದರು, ನರ್ತಾಯ್ ಚಿಕ್ಕವನಿದ್ದಾಗ ಸ್ನಾನದ ತೊಟ್ಟಿಯಲ್ಲಿ ಕಪ್ಪೆ ಸಾಕಿದ್ದ ಕಥೆ ಹೇಳಿ ನಕ್ಕರು ಕೂಡ.

ಪಕ್ಕದ ಕೋಣೆಯ ಹವಳಗಳಲ್ಲಿ ಹುಳ ಕಂಡದ್ದು ಅದಾಗಿ ಎರಡು ವಾರಕ್ಕೆ. ಅವನ್ನು ಮತ್ತೆ ಅದ್ದಿದಾಗ ಮದ್ದಿನ ಬೋಗುಣಿಯ ತಳದಲ್ಲಿ, ಉಗುರಿನ ಚೂರಿಗಿಂತ ಸಣ್ಣವು, ಹವಳದ್ದೇ ಬಣ್ಣದವು, ನಿಧಾನವಾಗಿ ಮಡಚಿಕೊಳ್ಳುತ್ತಿದ್ದವು. ರೌಶಾನ್ ಓಡಿಬಂದು ದೊಡ್ಡ ತೊಟ್ಟಿಗೆ ಕಣ್ಣಿಟ್ಟು ನೋಡಿದಳು. ನಡುಗಲ್ಲಿನ ಸುತ್ತಲ ಕೊಂಬೆಗಳಲ್ಲಿ ಆಗಲೇ ಕಚ್ಚಿದ ಬಿಳಿ ಚುಕ್ಕೆಗಳು. ಕಲ್ಲಿಗೆ ಅಂಟಿ ಬೆಳೆದವನ್ನು ಕಿತ್ತು ಅದ್ದುವುದೆಂದರೆ ಮುರಿದು ಹಾಕುವುದೇ. ಮುರಿದಳು, ಅದ್ದಿದಳು, ಮತ್ತೆ ಅದ್ದಿದಳು. ಕೆಲವು ಹವಳ ಹುಳಕ್ಕೆ ಹೋದವು, ಕೆಲವು ಮದ್ದಿಗೇ ಹೋದವು.

ಅಪಾ ವಾರವಾರವೂ ಬರುತ್ತಿದ್ದರು. ಒಂದು ಸಲ ಬಂದಾಗ ನೇರಳೆ ಹವಳ ಬುಡದಿಂದ ತುದಿಯವರೆಗೆ ಬೆಳ್ಳಗಾಗಿತ್ತು.

"ಎಷ್ಟು ಚೆನ್ನಾಗಿ ಬಣ್ಣ ತಿರುಗಿದೆ ನೋಡು! ಈಗಷ್ಟೇ ಬಿದ್ದ ಹಿಮದ ಥರ," ಅಂದರು.

ಹವಳ ಸತ್ತಿದೆ, ಇದು ಬರೀ ಎಲುಬು ಎಂದು ರೌಶಾನ್ ಹೇಳಲಿಲ್ಲ. "ಹೂಂ ಅಪಾ," ಅಂದಳು.

ಬಿಳುಪು ಬಹಳ ದಿನ ನಿಲ್ಲಲಿಲ್ಲ, ಕಂದು ಪಾಚಿ ಮುಚ್ಚಿಕೊಂಡಿತು. ಎರಡೂ ತೊಟ್ಟಿಗಳಲ್ಲಿ ಜೀವವಿದ್ದದ್ದು ಒಂದೂ ಉಳಿಯಲಿಲ್ಲ. ಆಗ ಅಪಾಗೂ ಗೊತ್ತಾಯಿತು. ಕೋಟು ಕೂಡ ಬಿಚ್ಚದೆ ಕುರ್ಚಿಯಲ್ಲಿ ಕುಸಿದು ಕೂತರು.

"ನಾನು ಹಟ ಮಾಡಿದ್ದಕ್ಕಾ?"

"ಇಲ್ಲ ಅಪಾ. ಕರೆಂಟ್ ಹೋಗಿತ್ತು. ನಾನು ಕೆಲಸದಲ್ಲಿದ್ದೆ, ನೀರು ತಣ್ಣಗಾಗಿಬಿಡ್ತು."

ಅಪಾ ಅವಳ ಮುಖವನ್ನೇ ನೋಡಿದರು. ನಂಬಿದರೋ, ನಂಬಿದಂತೆ ಮಾಡಿದರೋ. "ಪಾಪ, ನಿನ್ನವೂ ಹೋದ್ವಲ್ಲೇ," ಎಂದು ತಲೆ ಸವರಿದರು. "ಹೋಗ್ಲಿ, ಒಂಟಿಯಾಗಂತೂ ಸಾಯಲಿಲ್ಲ ಅವನದ್ದು."

ಅವರನ್ನು ಬಸ್ಸು ಹತ್ತಿಸಿ ಬಂದ ರೌಶಾನ್ ಅಂಗಿಯ ತೋಳು ಮಡಚಿ ಕಲ್ಲುಗಳನ್ನು ಒಂದೊಂದಾಗಿ ಬಕೆಟ್ಟಿಗೆ ಹಾಕಿದಳು. ಪಂಪಿನ ತಂತಿ ಕಿತ್ತಳು. ವರ್ಷಗಟ್ಟಲೆ ನಿಲ್ಲದಿದ್ದ ಸದ್ದು ನಿಂತಿತು. ಪಕ್ಕದ ಮನೆಯ ಟೀವಿಯಲ್ಲಿ ಯಾರೋ ಹವಾಮಾನ ಹೇಳುತ್ತಿದ್ದದ್ದು ಗೋಡೆಯಾಚೆಯಿಂದ ಸ್ಪಷ್ಟವಾಗಿ ಕೇಳಿಸಿತು.