ಅಕ್ಕನ ಮೈಯಳತೆ

ನಮ್ಮ ಅಂಗಡಿಯಲ್ಲಿ ಗೊಂಬೆ ಇರಲಿಲ್ಲ. ಬೊಟಿಕ್ ಎಂದ ಮೇಲೆ ಗಾಜಿನ ಹಿಂದೆ ತಲೆಯಿಲ್ಲದ ಒಂದು ಗೊಂಬೆ ನಿಲ್ಲಲೇಬೇಕು ಎಂದು ಬೋರ್ಡ್ ಬರೆಯುವವನಿಂದ ಹಿಡಿದು ಎದುರಿನ ಔಷಧಿ ಅಂಗಡಿಯವನವರೆಗೆ ಎಲ್ಲರೂ ಬುದ್ಧಿ ಹೇಳಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಗೊಂಬೆ ಉಸಿರಾಡುವುದಿಲ್ಲ, ಕೂರುವುದಿಲ್ಲ, ಕೈ ಎತ್ತಿ ಅಟ್ಟದ ಡಬ್ಬ ಇಳಿಸುವುದಿಲ್ಲ. ಅದರ ಮೇಲೆ ಚೆಂದ ಕಂಡ ಬಟ್ಟೆ ಮನುಷ್ಯರ ಮೇಲೂ ಚೆಂದ ಕಾಣಬೇಕೆಂದು ಎಲ್ಲಿ ಬರೆದಿದೆ? ನನಗೆ ಗೊಂಬೆ ಬೇಕಿರಲಿಲ್ಲ. ನನಗೆ ಅಕ್ಕ ಇದ್ದಳು.

ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಹದಿನಾಲ್ಕರ ವಯಸ್ಸಿನಲ್ಲಿ ನಾನು ಅಮ್ಮನ ಹಳೆಯ ಪರದೆ ಕತ್ತರಿಸಿ ಮೊದಲ ಫ್ರಾಕು ಹೊಲಿದದ್ದು ಅವಳ ಮೈಮೇಲೇ. ಅಂದಿನಿಂದ ಅವಳಿಗೆ ನಾನು ಟೇಪು ಹಿಡಿದವಳಲ್ಲ. ಬಟ್ಟೆಯನ್ನು ನೇರವಾಗಿ ಅವಳ ಮೇಲೆ ಹೊದಿಸಿ, ಮೈಗೆ ಕೂರುವಂತೆ ಗುಂಡುಸೂಜಿ ಚುಚ್ಚಿ, ಸೀಮೆಸುಣ್ಣದಿಂದ ಗೀಟೆಳೆದು ಬಿಚ್ಚಿಕೊಳ್ಳುವುದು. ಆಮೇಲೆ ಖಾಕಿ ಕಾಗದದ ಮೇಲೆ ಅದರ ಪಡಿಯಚ್ಚು ಕತ್ತರಿಸಿ, ಮೂಲೆಯಲ್ಲಿ ತಾರೀಕು ಬರೆದು, ಹಿಂದಿನ ಗೋಡೆಯ ಮೊಳೆಗೆ ತಗುಲಿಸುವುದು. ಅದೇ ನಮ್ಮ ಅಂಗಡಿಯ ಮೀಡಿಯಂ. ಅದಕ್ಕಿಂತ ಸ್ವಲ್ಪ ಒಳಗೆ ಕತ್ತರಿಸಿದರೆ ಸ್ಮಾಲ್, ಸ್ವಲ್ಪ ಹೊರಗೆ ಕತ್ತರಿಸಿದರೆ ಲಾರ್ಜ್. ನಮ್ಮಲ್ಲಿ ಬಟ್ಟೆ ಕೊಂಡ ಹೆಂಗಸರೆಲ್ಲ ತಮಗೆ ಗೊತ್ತಿಲ್ಲದೆಯೇ ಅಕ್ಕನ ಪಕ್ಕದಲ್ಲಿ ನಿಂತು ಅಳೆಸಿಕೊಂಡವರು. ನನ್ನ ಕಣ್ಣೇ ನನ್ನ ಟೇಪು ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಆ ಕಣ್ಣನ್ನು ನಂಬಿದ್ದಕ್ಕೇ ಅಕ್ಕ ಈಗ ಆಸ್ಪತ್ರೆಯ ಮಂಚದ ಮೇಲಿದ್ದಾಳೆ. ಮೊದಲೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಹೇಳುವ ತಾಳ್ಮೆ ನನಗಿಲ್ಲ.

ಜನವರಿಯಲ್ಲಿ ಅಂಗಡಿ ತೆರೆದೆವು. ಮೊದಲು ಸೈಕಲ್ ರಿಪೇರಿಯವನಿದ್ದ ಉದ್ದನೆಯ ಒಂದು ಕೋಣೆ. ಎಷ್ಟು ಉಜ್ಜಿದರೂ ನೆಲದ ಎಣ್ಣೆ ಕಲೆ ಹೋಗಲಿಲ್ಲವೆಂದು ಅದರ ಮೇಲೆ ಚಾಪೆ ಹಾಸಿದೆ. ಮುಂದೆ ಹ್ಯಾಂಗರುಗಳ ಎರಡು ಸಾಲು, ನಡುವೆ ಪರದೆ ಎಳೆದ ಟ್ರಯಲ್ ರೂಮು, ಅದರ ಹಿಂದೆ ಕತ್ತರಿಸುವ ಮೇಜು ಮತ್ತು ಮಾಸ್ಟರ್ ಅವರ ಹೊಲಿಗೆ ಯಂತ್ರ. ಮಾಸ್ಟರ್ ನಲವತ್ತು ವರ್ಷ ಸಮವಸ್ತ್ರ ಹೊಲಿದವರು. ಮಾತು ಕಡಿಮೆ. ಹೆಂಡತಿ ತೀರಿಕೊಂಡ ಮೇಲೆ ಇನ್ನೂ ಕಡಿಮೆಯಾಯಿತಂತೆ.

ತಿಂಗಳಿಗೊಂದು ಹೊಸ ಡಿಸೈನು ಎಂದು ನಾನು ಪಣ ತೊಟ್ಟಿದ್ದೆ. ಪ್ರತಿ ತಿಂಗಳ ಮೊದಲ ಸೋಮವಾರ ಅಕ್ಕ ಬಂದು ಮಣೆಯ ಮೇಲೆ ನಿಲ್ಲುತ್ತಿದ್ದಳು. ಸೂಜಿ ಸ್ವಲ್ಪ ತಾಗಿದರೂ ಬೀದಿಗೆ ಕೇಳುವಂತೆ ಕಿರುಚುವುದು ಅವಳ ಅಭ್ಯಾಸ.

"ನನ್ ಮೈ ಏನು ಪಿನ್ ಚುಚ್ಚೋ ದಿಂಬಾ?"

"ಅಲ್ಲಾಡದೇ ನಿಂತ್ರೆ ಯಾಕೆ ಚುಚ್ಚತ್ತೆ?"

"ಆಗ್ಲಮ್ಮ, ನಿನ್ ಅಂಗಡಿಗೆ ಬಂಡವಾಳ ಅಂದ್ರೆ ನನ್ ಸೊಂಟ. ಹುಷಾರಾಗಿ ನೋಡ್ಕೋ."

ಮಾರ್ಚಿನಲ್ಲಿ ಸೂಜಿ ತಾಗಿದಾಗ ಅವಳು ಕಿರುಚಲಿಲ್ಲ. ತುಟಿ ಕಚ್ಚಿಕೊಂಡು ಮಣೆಯಿಂದಿಳಿದು ಸ್ಟೂಲಿನ ಮೇಲೆ ಕೂತಳು. "ಯಾಕೋ ಕಾಲು ನೋವು ಕಣೇ, ಕೂತೇ ಮಾಡು" ಎಂದಳು. ಕೂತವರ ಮೇಲೆ ಬಟ್ಟೆ ಕೂರಿಸುವುದು ಹೇಗೆಂದು ನಾನು ರೇಗಿದೆ. ಮತ್ತೆ ಎದ್ದು ನಿಂತಳು. ಏಪ್ರಿಲಿನಲ್ಲಿ, "ಈ ಸಲ ತುಂಬು ತೋಳು ಮಾಡು, ಕುತ್ತಿಗೇನೂ ಮುಚ್ಚೋ ಹಾಗಿರ್ಲಿ, ಚೆನ್ನಾಗಿರತ್ತೆ" ಎಂದಳು. ನನಗೂ ಹೊಸದು ಬೇಕಿತ್ತು, ಮಾಡಿದೆ. ಬಿಸಿಲು ಕಾಯುವ ಕಾಲದಲ್ಲಿ ಉದ್ದ ತೋಳು, ಎತ್ತರದ ಕಾಲರು! ನೋಡಿದವರು ಇದೇನು ವಿಚಿತ್ರ ಎಂದರೆ, ಇದು ನನ್ನ ಶೈಲಿ ಎಂದು ಮೂಗು ಮೇಲೆತ್ತಿ ಹೇಳಿದೆ. ಆ ಶೈಲಿ ನನ್ನದಲ್ಲ. ಎದ್ದು ಕಾಣುತ್ತಿದ್ದ ಕೊರಳ ಮೂಳೆಯನ್ನೂ ಕಡ್ಡಿಯಾಗುತ್ತಿದ್ದ ತೋಳನ್ನೂ ಅಕ್ಕ ನನ್ನ ಕೈಯಿಂದಲೇ ಮುಚ್ಚಿಸಿಕೊಂಡಿದ್ದಳು.

ಹೊಲಿದಾದ ಬಟ್ಟೆಯನ್ನು ಹತ್ತು ದಿನ ಬಿಟ್ಟು ಅವಳಿಗೆ ಹಾಕಿ ನೋಡಿದರೆ ಒಂಚೂರು ಸಡಿಲ. ಪ್ರತಿ ಸಲವೂ ಒಂಚೂರು ಸಡಿಲ. ಬಟ್ಟೆ ಜಗ್ಗಿದೆ ಎಂದುಕೊಂಡೆ. ನೇಯುವವನನ್ನು ಬೈದೆ, ಇಸ್ತ್ರಿಯನ್ನು ಬೈದೆ, ಮಾಸ್ಟರ್ ಅವರನ್ನೂ ಬಿಡಲಿಲ್ಲ. ಬೈದು, ಅಂಚು ಹಿಡಿದು, ಸೂಜಿ ಚುಚ್ಚಿ, ಖಾಕಿ ಕಾಗದವನ್ನು ಆ ಗೀಟಿಗೆ ಸರಿಯಾಗಿ ಕತ್ತರಿಸಿ ತಿದ್ದಿದೆ. ನಾನು ತಿದ್ದುತ್ತಿದ್ದದ್ದು ಕಾಗದವನ್ನು. ತೋಳಿನ ಅಳತೆ ಸರಿಯಿದೆಯೇ ಎಂದು ಹತ್ತು ಸಲ ನೋಡಿದವಳು ಅಕ್ಕನ ಮುಖವನ್ನು ಒಂದು ಸಲವೂ ನೋಡಲಿಲ್ಲ. ಸೂಜಿ ಬಾಯಲ್ಲಿ ಕಚ್ಚಿಕೊಂಡು ಕೆಲಸ ಮಾಡುವವಳ ಕಣ್ಣು ಕತ್ತಿನಿಂದ ಕೆಳಗೇ ಇರುತ್ತದೆ.

ಮೇ ಕೊನೆಯಲ್ಲಿ ಟೀಚರ್ ಬಂದರು. ನಮ್ಮ ಮೊದಲ ಗಿರಾಕಿ ಅವರು. ಜನವರಿಯಲ್ಲಿ ಮೀಡಿಯಂ ಟಾಪು ಕೊಂಡು, ತಮ್ಮ ಮೈಗೇ ಹೊಲಿದ ಹಾಗಿದೆ ಎಂದು ಶಾಲೆಯ ಇತರ ಮೂವರನ್ನು ಕಳಿಸಿಕೊಟ್ಟ ಪುಣ್ಯಾತ್ಗಿತ್ತಿ. ಅಂದು ಅಕ್ಕನೂ ಪರದೆಯ ಹಿಂದೆ ಮೇಜಿನ ಬಳಿ ಕೂತು ಗುಂಡಿ ಆರಿಸುತ್ತಿದ್ದಳು. ಟೀಚರ್ ಹೊಸ ಮೀಡಿಯಂ ಹಾಕಿಕೊಳ್ಳಲು ಟ್ರಯಲ್ ರೂಮಿಗೆ ಹೋದವರು ಎಷ್ಟು ಹೊತ್ತಾದರೂ ಈಚೆ ಬರಲಿಲ್ಲ.

"ತೋಳು ಸಿಕ್ಕಾಕ್ಕೊಂಡಿದೆ, ಸ್ವಲ್ಪ ಎಳೀತೀರಾ?" ಎಂದು ಒಳಗಿನಿಂದ ಕೇಳಿದರು.

ಎಳೆದೆ. ಕಂಕುಳಲ್ಲಿ ಒಂದು ಹೊಲಿಗೆ ಬಿಟ್ಟಿತು. ಟೀಚರ್ ಮುಖ ಕೆಂಪಾಯಿತು. "ನಾನೇ ದಪ್ಪ ಆಗಿರ್ಬೇಕು ಬಿಡಿ" ಎಂದು ನಗಲು ನೋಡಿದರು. "ಲಾರ್ಜ್ ಕೊಡ್ತೀನಿ, ಈಗೀಗ ಎಲ್ರೂ ಲಾರ್ಜೇ ಕೇಳ್ತಿದಾರೆ" ಎಂದೆ ನಾನು. ಅವರು ಲಾರ್ಜ್ ಕೊಳ್ಳಲಿಲ್ಲ, ಮತ್ತೆ ಬರಲೂ ಇಲ್ಲ. ಆ ವಾರ ಇನ್ನೂ ನಾಲ್ವರು ಅದೇ ದೂರು ತಂದರು. ಊರಿಗೆ ಊರೇ ಊದಿಕೊಂಡಿದೆ, ಬಟ್ಟೆ ಏನು ಮಾಡೀತು ಎಂದು ನಾನು ಅಕ್ಕನ ಎದುರು ಕೂಗಾಡಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಕ್ಕ ತಲೆ ಬಗ್ಗಿಸಿ ಗುಂಡಿಗಳನ್ನು ಎಣಿಸುತ್ತಿದ್ದಳು. ಎಣಿಸಿದ್ದನ್ನೇ ಮತ್ತೆ ಎಣಿಸುತ್ತಿದ್ದಳು.

ಜೂನಿನ ಸೋಮವಾರ ಅವಳು ಲವಲವಿಕೆಯಿಂದ ಬಂದಳು, ಅಥವಾ ನನಗೆ ಹಾಗೆ ಕಂಡಿತು. ಮಣೆಯ ಮೇಲೆ ನಿಂತವಳ ಸೊಂಟದ ಹತ್ತಿರ ನನ್ನ ಬೆರಳಿಗೆ ಮೆತ್ತಗೆ ಏನೋ ತಾಗಿತು.

"ಏನೇ ಇದು, ಹೊಟ್ಟೆ ಬಂದಿದೆ ನಿಂಗೆ!"

"ಬರ್ದೇ ಇರತ್ತಾ? ಕೂತಲ್ಲೇ ತಿಂತೀನಿ" ಎಂದು ಜೋರಾಗಿ ನಕ್ಕಳು. ಒಳಗೆ ಬನಿಯನ್ ಬೇರೆ ಹಾಕಿದ್ದಳು. ಈ ಸೆಕೆಯಲ್ಲಿ ಯಾಕೆ ಎಂದರೆ, ತನಗೆ ಚಳಿ ಎಂದಳು. ನಿನಗೆ ವಯಸ್ಸಾಯಿತು ಎಂದು ಗೇಲಿ ಮಾಡಿದೆ. ಆ ತಿಂಗಳ ಮೀಡಿಯಂ ಮೇ ತಿಂಗಳದ್ದಕ್ಕೆ ಸರಿಯಾಗಿ ಕೂತಿತು, ದೂರುಗಳೂ ಹೆಚ್ಚಲಿಲ್ಲ. ಕೊನೆಗೂ ಮಾಸ್ಟರ್ ಕೈ ಸರಿಹೋಯಿತು ಎಂದು ಬೀಗಿದೆ.

ಜುಲೈಯಿಂದ ಮತ್ತೆ ಶುರುವಾಯಿತು. ಸೆಪ್ಟೆಂಬರಿನ ಹೊತ್ತಿಗೆ ಹ್ಯಾಂಗರಿನ ಬಟ್ಟೆಗಳು ಹ್ಯಾಂಗರಿನಲ್ಲೇ ಉಳಿದವು. ಅಕ್ಟೋಬರಿನ ಡಿಸೈನು ಸಿದ್ಧವಾಗಿ, ಅಕ್ಕ ಅದನ್ನು ಹಾಕಿಕೊಂಡು ನಿಂತು, ಭುಜದ ಹೊಲಿಗೆ ತೋಳಿನ ಮೇಲೆ ಜಾರಿ ಬಿದ್ದ ದಿನ ನನ್ನ ಸಹನೆ ಹರಿಯಿತು. ಅಕ್ಕ ಮನೆಗೆ ಹೋಗುವವರೆಗೆ ಬಾಯಿ ಬಿಗಿಹಿಡಿದಿದ್ದು, ಮಾರನೆಯ ದಿನ ಮಾಸ್ಟರ್ ಮೇಲೆ ಎರಗಿದೆ. ನಲವತ್ತು ವರ್ಷ ಚೀಲ ಹೊಲಿದಿರೇನು ಎಂದೂ ಅಂದುಬಿಟ್ಟೆ.

ಮಾಸ್ಟರ್ ಯಂತ್ರ ನಿಲ್ಲಿಸಿ ಎದ್ದು, ಮೊಳೆಯಿಂದ ಕಾಗದಗಳನ್ನೆಲ್ಲ ಇಳಿಸಿದರು. ಎದುರು ಭಾಗದ ಕಾಗದಗಳನ್ನಷ್ಟೇ ಆರಿಸಿ, ಜನವರಿಯದನ್ನು ಕೆಳಗಿಟ್ಟು, ನಡುಗೀಟಿಗೆ ನಡುಗೀಟು ಕೂಡಿಸಿ ಒಂದರ ಮೇಲೊಂದು ಹಾಸಿದರು. ಹೆಚ್ಚಿದ ಈರುಳ್ಳಿಯ ಹಾಗೆ ಒಂದರೊಳಗೊಂದು ಅಂಚು ಕಾಣುತ್ತಿತ್ತು. ಸೊಂಟದಲ್ಲಿ, ಎದೆಯಲ್ಲಿ, ಭುಜದಲ್ಲಿ.

"ಬಟ್ಟೆ ಕುಗ್ಗತ್ತೆ, ಜಗ್ಗತ್ತೆ. ಕಾಗದಕ್ಕೇನಾಗತ್ತೆ ಮೇಡಂ?" ಎಂದರು.

ಮೊದಲ ಅಂಚಿಗೂ ಕೊನೆಯ ಅಂಚಿಗೂ ಸೊಂಟದಲ್ಲಿ ಒಂದಿಂಚಿನ ಅಂತರವಿತ್ತು. ಈ ಕಾಗದ ಮೈಯ ಕಾಲುಭಾಗದ್ದು. ಕಾಗದದಲ್ಲಿ ಒಂದಿಂಚು ಎಂದರೆ ಮೈಯಲ್ಲಿ ನಾಲ್ಕು. ಈ ಲೆಕ್ಕ ಹಾಕಲು ನನಗೆ ಪೆನ್ಸಿಲ್ಲೂ ಬೇಡ.

"ಅಕ್ಕಾವ್ರು ನಿನ್ನೆ ಅಂಗಡಿ ಮುಂದಿನ ಮೂರು ಮೆಟ್ಲು ಹತ್ತೋಕೆ ಎರಡು ಸಲ ನಿಂತ್ರು" ಎಂದರು ಮಾಸ್ಟರ್. ಕಾಗದಗಳನ್ನು ಹಾಗೇ ಸುರುಳಿ ಸುತ್ತಿ ದಾರ ಕಟ್ಟಿ ನನ್ನ ಕೈಗಿಟ್ಟರು. "ಇದನ್ನೂ ತಗೊಂಡೋಗಿ. ಯಾವಾಗಿಂದ ಅಂತ ಡಾಕ್ಟ್ರು ಕೇಳ್ತಾರೆ. ನನ್ನ ಹೆಂಡ್ತೀಗಾದಾಗ ನಂಗೆ ಹೇಳೋಕೆ ಬರ್ಲಿಲ್ಲ."

ಅಕ್ಕನ ಮನೆ ಎರಡು ಬೀದಿಯಾಚೆ. ಓಡಿದೆ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ನಡುಹಗಲಲ್ಲಿ ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದ್ದಳು, ತೋಳಿಲ್ಲದ ಹಳೆಯ ನೈಟಿಯಲ್ಲಿ. ಒಲೆಯ ಮೇಲಿನ ಪಾತ್ರೆಯಲ್ಲಿ ಅನ್ನ ಮುಟ್ಟದೆ ಹಾಗೇ ಇತ್ತು. ಹೆಜ್ಜೆ ಕೇಳಿ ತಿರುಗಿದವಳು ನನ್ನನ್ನು ಕಂಡದ್ದೇ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡಳು.

"ಅಂಗಡಿ ಬಿಟ್ಟು ಯಾಕೆ ಬಂದೆ?"

ಟೇಪು ನನ್ನ ಕೊರಳಲ್ಲೇ ಇತ್ತು. ತೆಗೆಯುವ ಧೈರ್ಯ ಬರಲಿಲ್ಲ. ಹೊದಿಕೆಯ ಹೊರಗೆ ಉಳಿದಿದ್ದ ಅವಳ ಮಣಿಕಟ್ಟನ್ನು ಹಿಡಿದೆ. ನನ್ನ ಹೆಬ್ಬೆರಳೂ ಕಿರುಬೆರಳೂ ಒಂದಕ್ಕೊಂದು ಸೇರಿ, ಇನ್ನೂ ಜಾಗ ಉಳಿಯಿತು. ಆಗ ನನಗೆ ಆದದ್ದು ಭಯ, ಬರೀ ಭಯ. ಅಳು ಆಮೇಲೆ ಬಂತು.

ಭಾವ ಲಾರಿ ಓಡಿಸುವವರು, ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲಿರುತ್ತಾರೆ. ಫೋನು ಮಾಡಿದ್ದಕ್ಕೆ ಅರ್ಧ ದಾರಿಯಿಂದ ಹಿಂದಿರುಗಿ ನೇರ ಆಸ್ಪತ್ರೆಗೇ ಬಂದರು. ಎರಡು ದಿನ ರಕ್ತ ತೆಗೆದರು, ಹೊಟ್ಟೆಯ ಸ್ಕ್ಯಾನ್ ಮಾಡಿದರು. ಮೂರನೆಯ ದಿನ ಬೆಳಿಗ್ಗೆ ಡಾಕ್ಟರಮ್ಮ ಫೈಲು ಹಿಡಿದು ಮಂಚದ ಬಳಿ ಬಂದರು. ಹೊಟ್ಟೆಯಲ್ಲಿ ಗಡ್ಡೆಯಿದೆ ಎಂಬುದನ್ನು ಆಗಲೇ ಹೇಳಿದ್ದರು. ಅದು ಎಂಥದ್ದು ಎಂದು ಇನ್ನೂ ಗೊತ್ತಾಗಿರಲಿಲ್ಲ.

"ಇವರು ಎಷ್ಟು ದಿನದಿಂದ ಸಣ್ಣ ಆಗ್ತಿದಾರೆ?"

"ಒಂದು ತಿಂಗಳಾಗಿರ್ಬೇಕು" ಎಂದರು ಭಾವ.

ನಾನು ಸುರುಳಿಯ ದಾರ ಬಿಚ್ಚಿದೆ. ಅಕ್ಕನ ಕಾಲ ಬಳಿ, ಬಿಳಿಯ ಹಾಸಿನ ಮೇಲೆ, ಮಾಸ್ಟರ್ ತೋರಿಸಿದ ಹಾಗೆಯೇ ಹಾಸಿದೆ. ತಾರೀಕು ಒಂದೊಂದಾಗಿ ಓದಿದೆ. ಡಾಕ್ಟರಮ್ಮ ಮೊದಲು ಇದೇನು ತಮಾಷೆ ಎಂಬಂತೆ ನೋಡಿದವರು, ಆಮೇಲೆ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಬೆರಳಿನಿಂದ ಅಂಚುಗಳನ್ನು ಸವರುತ್ತಾ ಬಂದರು. ಸೊಂಟ ನಾಲ್ಕಿಂಚು ಕಡಿಮೆ ಎಂದು ನಾನು ಹೇಳಿದ್ದನ್ನು ಫೈಲಿನಲ್ಲಿ ಬರೆದುಕೊಂಡರು. ಇಷ್ಟು ಸರಿಯಾಗಿ ಅಳೆದಿಟ್ಟವಳು ಒಂಬತ್ತು ತಿಂಗಳು ಏನು ಮಾಡುತ್ತಿದ್ದೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಅವರ ಬೆರಳು ಒಂದು ಕಡೆ ನಿಂತಿತು.

"ಜೂನಲ್ಲಿ ಕಡಿಮೆ ಆಗೇ ಇಲ್ವಲ್ಲ! ಮೇ, ಜೂನ್ ಎರಡೂ ಒಂದೇ ಇದೆ."

"ಹೌದು ಡಾಕ್ಟ್ರೇ, ಆ ತಿಂಗಳು ಚೆನ್ನಾಗಿದ್ಲು. ಹೊಟ್ಟೆ ಕೂಡ ಬಂದಿತ್ತು" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಕೆಟ್ಟ ಗಡ್ಡೆ ಆಗಿದ್ರೆ ಸಾಮಾನ್ಯವಾಗಿ ಹೀಗೆ ಮಧ್ಯೆ ನಿಲ್ಲಲ್ಲ. ನೋಡೋಣ. ಇದು ಒಳ್ಳೇ ಲಕ್ಷಣ ಇರ್ಬಹುದು." ಮೂರು ದಿನದಲ್ಲಿ ಮೊದಲ ಸಲ ಅವರು ಸ್ವಲ್ಪ ನಕ್ಕರು. ಭಾವ ಕಣ್ಣು ಮುಚ್ಚಿ ಉಸಿರು ಬಿಟ್ಟರು. ನಾನು ಆ ಜೂನಿನ ಕಾಗದದ ಮೇಲೆ ಕೈಯಿಟ್ಟೆ, ಅದು ಎಲ್ಲಿ ಹಾರಿಹೋಗುತ್ತದೋ ಎಂಬಂತೆ.

"ಅದು ನಿಂತಿದ್ದಲ್ಲ ಡಾಕ್ಟ್ರೇ" ಎಂದಳು ಅಕ್ಕ.

ಮೂವರೂ ತಿರುಗಿದೆವು. ಅವಳು ಸೂರಿನ ಫ್ಯಾನು ನೋಡುತ್ತಿದ್ದಳು.

"ಆ ಟೀಚರ್‌ಗೆ ತೋಳು ಸಿಕ್ಕಾಕ್ಕೊಂಡ ದಿನ ನಾನು ಪರದೆ ಹಿಂದೇನೇ ಇದ್ದೆ. ಬಟ್ಟೆ ತಪ್ಪಲ್ಲ, ನಂದೇ ತಪ್ಪು ಅಂತ ಆಗ್ಲೇ ಗೊತ್ತಾಯ್ತು. ಆವತ್ತಿಂದ ಹಳೇ ಬೆಡ್‌ಶೀಟ್ ಹರಿದು ಸೊಂಟಕ್ಕೆ ಸುತ್ಕೊಂಡು ಬರ್ತಿದ್ದೆ. ಮೇಲೆ ಎರಡು ಬನಿಯನ್. ಜೂನಲ್ಲಿ ಸರಿಯಾಗಿ ಕೂತ್ಕೊಳ್ತು. ಆಮೇಲೆ ಎಷ್ಟು ಸುತ್ತಿದ್ರೂ ಸಾಲ್ತಿರ್ಲಿಲ್ಲ."

ಪಕ್ಕದ ಮಂಚದವರು ಲೋಟ ಕೆಳಗಿಟ್ಟ ಸದ್ದು ಕೇಳಿತು.

"ನನ್ ಹತ್ರ ಒಂದು ಮಾತು ಹೇಳ್ಬಾರ್ದಿತ್ತಾ?" ಎಂದೆ.

ಅಕ್ಕ ಈಗ ನನ್ನ ಕಡೆ ನೋಡಿದಳು. ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ನಗಲು ನೋಡಿದಳು. "ಸೀಸನ್ ಮುಗೀಲಿ, ಆಮೇಲೆ ತೋರಿಸ್ಕೊಳ್ಳೋಣ ಅಂತಿದ್ದೆ. ನಿನ್ನ ಅಳತೆ ಕೆಡತ್ತಲ್ಲೇ."

ಡಾಕ್ಟರಮ್ಮ ಕಾಗದಗಳ ಮೇಲಿನಿಂದ ಕೈ ತೆಗೆದರು.

"ಕೊನೇ ಸಲ ಸುತ್ಕೊಂಡಾಗ ಆ ಬಟ್ಟೆ ಎಷ್ಟು ದಪ್ಪ ಇತ್ತು?" ಎಂದು ಮೆಲ್ಲಗೆ ಕೇಳಿದರು.

ಅಕ್ಕ ಹೆಬ್ಬೆರಳು ತೋರುಬೆರಳುಗಳ ನಡುವೆ ಅಂತರ ಮಾಡಿ ತೋರಿಸಿದಳು. ಅದನ್ನು ಓದಬಲ್ಲವಳು ಆ ಕೋಣೆಯಲ್ಲಿ ನಾನೊಬ್ಬಳೇ. "ಸುತ್ತಳತೆಗೆ ಎರಡಿಂಚು" ಎಂದೆ. ಡಾಕ್ಟರಮ್ಮ ಫೈಲು ತೆರೆದು, ನಾಲ್ಕು ಎಂದು ಬರೆದದ್ದನ್ನು ಹೊಡೆದುಹಾಕಿ, ಪಕ್ಕದಲ್ಲಿ ಆರು ಎಂದು ಬರೆದರು.