ನಾಯಿಮರಿ ತಾನೇ ಅಂದ ಮಾರಪ್ಪ

ಭದ್ರಾವತಿ ಹಳೇನಗರದ ಆ ಬೀದಿಯಲ್ಲಿ ಮನುಷ್ಯರಿಗಿಂತ ನಾಯಿಗಳೇ ಹೆಚ್ಚು ಎಂದರೆ ಅಲ್ಲಿಯವರು ಬೇಜಾರು ಮಾಡಿಕೊಳ್ಳುವುದಿಲ್ಲ, ಹೌದೆನ್ನುತ್ತಾರೆ. 2007ರ ಬೇಸಿಗೆಯಲ್ಲಿ ಪೀರ್ ಬಾಷಾನ ಗ್ಯಾರೇಜಿನ ಹಿಂದೆ ಒಂದು ನಾಯಿ ಮರಿ ಹಾಕಿತ್ತು. ಶಿವಮೊಗ್ಗದ ವಿನೋಬನಗರದಿಂದ ರಜಕ್ಕೆಂದು ಅಜ್ಜನ ಮನೆಗೆ ಬಂದಿದ್ದ ಆರು ವರ್ಷದ ಕವನಳಿಗೆ ಊಟ ತಿಂಡಿ ಏನೂ ಬೇಡ, ಆ ಮರಿಗಳಿದ್ದರೆ ಸಾಕು. ಒಂದು ಸಂಜೆ ಕರಿಮರಿಯೊಂದು ಅವಳ ಹಿಮ್ಮಡಿಗೆ ಬಾಯಿ ಹಾಕಿತು. ಚೂರು ರಕ್ತ ಬಂತು.

ಅಜ್ಜಿ ಉಚ್ಚಂಗಮ್ಮನಿಗೆ ಗಾಬರಿಯಾಯಿತು. "ಏನ್ರೀ, ಆಸ್ಪತ್ರೆಗೆ ತೋರಿಸ್ಬೇಕೇನೋ ನೋಡಿ."

"ನಾಯಿಮರಿ ತಾನೇ, ಮಾರಾಯ್ತಿ," ಎಂದ ಅಜ್ಜ ಮಾರಪ್ಪ. "ಇನ್ನೂ ಹಾಲು ಕುಡಿಯೋ ಮರಿ ಅದು. ಆಸ್ಪತ್ರೆಗೆ ಹೋದ್ರೆ ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಚುಚ್ತಾರೆ. ಈ ಪುಟ್ಟ ಹೊಟ್ಟೆ ತಡ್ಕೊಳುತ್ತಾ?"

ಆ ಹದಿನಾಲ್ಕು ಇಂಜೆಕ್ಷನ್ ಮಾರಪ್ಪನ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಹಿಂದೆ ತಾನು ದುಡಿದ ಕಬ್ಬಿಣದ ಫ್ಯಾಕ್ಟರಿಯಲ್ಲಿ ಜೊತೆಗಾರನೊಬ್ಬ ಅದನ್ನು ಹಾಕಿಸಿಕೊಂಡು ಹೊಟ್ಟೆ ಹಿಡಿದುಕೊಂಡು ಡ್ಯೂಟಿಗೆ ಬಂದಿದ್ದನ್ನು ಅವನು ಕಣ್ಣಾರೆ ನೋಡಿದ್ದ. ಅದಕ್ಕೇ ಮೊಮ್ಮಗಳ ಗಾಯಕ್ಕೆ ತಾನೇ ಸುಣ್ಣ ಹಚ್ಚಿದ, ಮೇಲೆ ಕಾಫಿಪುಡಿ ಮೆತ್ತಿದ. ನಾಟಿ ಔಷಧಿ ಕೊಡುವ ಜಂಬಣ್ಣನ ಹತ್ತಿರ ಸೊಪ್ಪಿನ ರಸ ಕುಡಿಸಿಕೊಂಡು ಬಂದ. ಬದನೆಕಾಯಿ ಪಥ್ಯವೂ ಆಯಿತು. ಗಾಯ ಒಣಗಿತು. ಅಲ್ಲಿಗೆ ಮುಗಿಯಿತು ಅಂದುಕೊಂಡ. ಸೊಸೆ ಭವಾನಿ ನರ್ಸು, ಗೊತ್ತಾದರೆ ಸುಮ್ಮನೆ ರಂಪ ಮಾಡುತ್ತಾಳೆ ಎಂದು ಮಗನಿಗಾಗಲಿ ಸೊಸೆಗಾಗಲಿ ಬಾಯಿ ಬಿಡಲಿಲ್ಲ. ಎಂಥ ಜಾಣತನ ನೋಡಿ.

ಅದೇ ವಾರ ಮಾರಪ್ಪ, ಮಗ, ಸೊಸೆ ನೇಪಾಳಕ್ಕೆ ಹೊರಡುವುದಿತ್ತು. ಶಿವಮೊಗ್ಗದ ಒಂದು ಸೇವಾ ಸಂಘದವರು ಅಲ್ಲಿಯ ಆಸ್ಪತ್ರೆಯೊಂದರಲ್ಲಿ ಕಣ್ಣಿನ ಶಿಬಿರ ಇಟ್ಟುಕೊಂಡಿದ್ದರು. ಭವಾನಿ ಆಪರೇಷನ್ ಕೆಲಸಕ್ಕೆ, ಕನ್ನಡಕದ ಅಂಗಡಿಯಲ್ಲಿದ್ದ ಅವಳ ಗಂಡ ಪರಮೇಶ್ ಕನ್ನಡಕ ಕೂರಿಸುವುದಕ್ಕೆ ಹೆಸರು ಕೊಟ್ಟಿದ್ದರು. "ಮಾವ, ನೀವೂ ಬನ್ನಿ. ಮುದುಕರನ್ನ ಕೈ ಹಿಡಿದು ನಡೆಸೋಕೆ ಜನ ಬೇಕು," ಎಂದು ಭವಾನಿ ಕರೆದಿದ್ದಳು. ಕವನ ಅಜ್ಜಿಯ ಹತ್ತಿರ ಉಳಿದಳು. ಇವರು ಮೂವರು ರೈಲು ಹತ್ತಿದರು.

ಅಲ್ಲಿ ಮಾರಪ್ಪನ ಪಾಲಿಗೆ ಬಂದದ್ದು ನೀರು ಕೊಡುವ ಕೆಲಸ. ಒಂದು ಕೈಯಲ್ಲಿ ಸ್ಟೀಲ್ ಜಗ್ಗು, ಇನ್ನೊಂದರಲ್ಲಿ ಲೋಟ. "ಪಾನಿ, ಪಾನಿ" ಎನ್ನುತ್ತಾ ಮಂಚದಿಂದ ಮಂಚಕ್ಕೆ ಹೋಗುವುದು. ಕಣ್ಣಿಗೆ ಪಟ್ಟಿ ಕಟ್ಟಿದ ಅಜ್ಜಿಯರು ಅವನ ಕೈ ತಡವಿ ಹರಸುತ್ತಿದ್ದರು. ರಿಟೈರಾದ ಮೇಲೆ ಅಷ್ಟು ಸಂತೋಷವನ್ನು ಅವನು ಕಂಡೇ ಇರಲಿಲ್ಲ.

ಮೂರನೇ ದಿನ ಪಕ್ಕದ ವಾರ್ಡಿನ ಕೊನೆಯ ಕೋಣೆಯಲ್ಲಿ ಒಬ್ಬ ಯುವಕನನ್ನು ಕಂಡ. ತುಟಿ ಒಣಗಿ ಸೀಳಿತ್ತು. ಬಾಯಿಯ ಹತ್ತಿರ ಕೈ ಒಯ್ದು ನೀರು ಬೇಕೆಂದು ಸನ್ನೆ ಮಾಡಿದ. ಅಯ್ಯೋ ಪಾಪ ಎಂದು ಮಾರಪ್ಪ ಲೋಟ ತುಂಬಿಸಿ ಹತ್ತಿರ ಹಿಡಿದ. ಅಷ್ಟೇ. ಯುವಕನ ಕಣ್ಣು ಮೇಲೆ ಸಿಕ್ಕಿಕೊಂಡಿತು, ಗಂಟಲು ಬಿಗಿದುಕೊಂಡಿತು, ಮೈ ಬಿಲ್ಲಿನ ಹಾಗೆ ಬಾಗಿತು. ಅವನು ಚೀರುತ್ತಾ ಕೈ ಬೀಸಿದ ರಭಸಕ್ಕೆ ಲೋಟ ಹಾರಿ ಗೋಡೆಗೆ ಬಡಿಯಿತು. ಸ್ವಲ್ಪ ಹೊತ್ತಿಗೆ ಮತ್ತೆ ನೀರು ಬೇಕೆಂಬ ಸನ್ನೆ. ಜಗ್ಗಿನ ಕಡೆ ನೋಡಿದ, ಮತ್ತೆ ಅದೇ ಚೀರಾಟ. ಕುಲುಮೆಯ ಮುಂದೆ ಆಯುಷ್ಯ ಕಳೆದ ಮಾರಪ್ಪ ಜಗ್ಗನ್ನು ಎದೆಗವಚಿಕೊಂಡು ಬಾಗಿಲವರೆಗೆ ಹಿಂದೆ ಸರಿದ.

ಸದ್ದು ಕೇಳಿ ಓಡಿಬಂದ ಭವಾನಿ ಮಾವನನ್ನು ಹೊರಗೆ ಎಳೆದುಕೊಂಡು ಹೋದಳು.

"ಹುಚ್ಚುನಾಯಿ ರೋಗ, ಮಾವ. ಬಾಯಾರಿಕೆ ಇರುತ್ತೆ, ನೀರು ಕಂಡ್ರೆ ಗಂಟಲು ಹಿಡ್ಕೊಳುತ್ತೆ."

"ಒಂದು ಇಂಜೆಕ್ಷನ್ ಕೊಡಿ ಮತ್ತೆ. ನೋಡ್ತಾ ನಿಂತಿದೀರಲ್ಲ."

"ಈ ಹಂತಕ್ಕೆ ಬಂದ್ಮೇಲೆ ಔಷಧಿ ಇಲ್ಲ ಮಾವ. ಯಾವ ದೊಡ್ಡ ಆಸ್ಪತ್ರೆಗೆ ಹೋದ್ರೂ ಅಷ್ಟೇ."

"ಅವನಿಗೆ ದೊಡ್ಡ ನಾಯಿ ಕಚ್ಚಿತ್ತಾ?"

"ದೊಡ್ಡ ನಾಯಿ ಅಲ್ಲ, ಮರಿ. ಎರಡು ತಿಂಗಳಾಯ್ತಂತೆ. ಸೊಪ್ಪು ಅರೆದು ಕಟ್ಟಿದ್ರಂತೆ. ಗಾಯ ಒಣಗಿತ್ತು, ಮರೆತುಬಿಟ್ಟಿದ್ವಿ ಅಂತ ಅವನ ತಾಯಿ ಅಳ್ತಾ ಇದ್ರು."

ಮಾರಪ್ಪ ಜಗ್ಗು ಕೆಳಗಿಟ್ಟ. ಗೋಡೆ ಹಿಡಿದು ನಿಂತ. "ಭವಾನಿ... ನಮ್ಮ ಕವನಂಗೂ ಮರಿ ಕಚ್ಚಿತ್ತು ಕಣಮ್ಮ."

ಭವಾನಿ ನಿಂತಲ್ಲೇ ನೆಲಕ್ಕೆ ಕುಸಿದು ಕೂತಳು.

"ಯಾವಾಗ?"

"ನಾವು ಹೊರಡೋ ವಾರ."

"ರಕ್ತ ಬಂದಿತ್ತಾ?"

"ಚೂರು ಬಂದಿತ್ತು."

ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತೇನೋ. ಅವಳು ಬೈಯಲಿಲ್ಲ, ಎದ್ದು ಕಣ್ಣೊರೆಸಿಕೊಂಡಳು. "ರೋಗ ಶುರುವಾಗೋ ಮುಂಚೆ ಲಸಿಕೆ ಬಿದ್ರೆ ಉಳಿಸ್ಕೋಬಹುದು. ಬನ್ನಿ, ಈಗ್ಲೇ ಫೋನ್ ಮಾಡ್ಬೇಕು."

ಪರಮೇಶ್ ಆಸ್ಪತ್ರೆ ಎದುರಿನ ಫೋನಿನ ಅಂಗಡಿಯಿಂದ ಪೀರ್ ಬಾಷಾನ ಗ್ಯಾರೇಜಿಗೆ ಫೋನ್ ಹಚ್ಚಿದ. ಬಾಷಾ ಓಡಿಹೋಗಿ ಉಚ್ಚಂಗಮ್ಮನನ್ನು ಕರೆತಂದ. ಮಾರಪ್ಪ ರಿಸೀವರ್ ಕಸಿದುಕೊಂಡು ಕೇಳಿದ, "ಮಗು ಹೆಂಗಿದೆ?"

"ಆಡ್ಕೊಂಡಿದೆ. ಯಾಕ್ರೀ, ಧ್ವನಿ ಹಿಂಗ್ಯಾಕೆ?"

"ಆ ಕರಿಮರಿ ಎಲ್ಲಿ?"

"ಅದು ಸತ್ತೋಯ್ತು ಕಣ್ರೀ. ನೀವು ಹೋದ್ಮೇಲೆ ಜೊಲ್ಲು ಸುರಿಸ್ಕೊಂಡು ಸಿಕ್ಕಿದ್ದನ್ನೆಲ್ಲ ಕಚ್ತಾ ಇತ್ತು. ಬೆಳಗಾಗೋದ್ರೊಳಗೆ ಸತ್ತು ಬಿದ್ದಿತ್ತು."

ಮಾರಪ್ಪ ಭವಾನಿಯತ್ತ ತಿರುಗಿ "ಮರಿ ಸತ್ತೋಯ್ತಂತೆ" ಎಂದ, ಮತ್ತೆ ಫೋನಿಗೆ ಕೂಗಿದ, "ಈಗಿಂದೀಗ ಮಗೂನ ಶಿವಮೊಗ್ಗ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗು."

"ಹೊಕ್ಕಳ ಸುತ್ತ ಹದಿನಾಲ್ಕು ಚುಚ್ತಾರೆ ಅಂತ ನೀವೇ ಹೇಳಿದ್ರಲ್ಲ. ಎಳೇ ಮಗು ಕಣ್ರೀ. ಗಾಯನೂ ವಾಸಿಯಾಗಿದೆ."

"ನಾನು ತಪ್ಪು ಹೇಳ್ದೆ ಕಣೆ. ಇಲ್ಲೊಬ್ಬ ಹುಡುಗ ನೀರು ನೀರು ಅಂತಾನೆ, ನೀರು ಕೊಟ್ರೆ ಚೀರ್ತಾನೆ. ಅವನಿಗೂ ಗಾಯ ವಾಸಿಯಾಗಿತ್ತಂತೆ." ಮುಂದೆ ಹೇಳಲಾಗದೆ ಅವನು ಅತ್ತುಬಿಟ್ಟ.

ಭವಾನಿ ರಿಸೀವರ್ ತೆಗೆದುಕೊಂಡಳು. "ಅತ್ತೆ, ಹೊಟ್ಟೆಗೆ ಹಾಕೋದು ಹಳೇ ಕಾಲದ್ದು, ಅದು ನಿಂತುಹೋಯ್ತು. ಈಗ ತೋಳಿಗೆ ಹಾಕ್ತಾರೆ, ಐದೇ ಸಲ. ಕಚ್ಚಿದ ಜಾಗಕ್ಕೂ ಸೀರಮ್ ಅಂತ ಒಂದು ಕೊಡ್ತಾರೆ. ಮರಿ ಸತ್ತಿದ್ದು ಮರೀದೆ ಹೇಳಿ. ತಡ ಆಯ್ತು ಅಂತ ಸುಮ್ನಿರ್ಬೇಡಿ, ಎಷ್ಟು ತಡ ಆದ್ರೂ ಹಾಕಿಸ್ಬೇಕು."

ಹಿಂದಿನಿಂದ ಪೀರ್ ಬಾಷಾನ ಕೂಗು ಕೇಳಿಸಿತು. "ಮಾರಣ್ಣಂಗೆ ಹೇಳಮ್ಮ, ನಾನು ಗಾಡಿ ತೆಗೀತಾ ಇದೀನಿ. ಫೋನ್ ಇಡಿ."

ಮರುದಿನ ಬೆಳಿಗ್ಗೆ ಮಾರಪ್ಪ ಜಗ್ಗು ಹಿಡಿದು ಕೊನೆಯ ಕೋಣೆಗೆ ಹೋದ. ಮಂಚ ಖಾಲಿಯಿತ್ತು. ಹಾಸಿಗೆ ಸುತ್ತಿಟ್ಟಿದ್ದರು. ಹೊರಗೆ ಯುವಕನ ತಾಯಿ ಕಂಬಕ್ಕೆ ಒರಗಿ ಕೂತಿದ್ದಳು. ಮಾರಪ್ಪ ಅವಳಿಗೆ ಒಂದು ಲೋಟ ನೀರು ಕೊಟ್ಟ. ಅವಳು ಕುಡಿದು ಮುಗಿಸುವವರೆಗೆ ಪಕ್ಕದಲ್ಲೇ ಕೂತ.

ಮಧ್ಯಾಹ್ನ ಮತ್ತೆ ಫೋನ್ ಹಚ್ಚಿದಾಗ ಕವನಳೇ ಮಾತಾಡಿದಳು. "ಅಜ್ಜ, ತೋಳಿಗೆ ಹಾಕಿದ್ರು, ಹೊಟ್ಟೆಗಲ್ಲ. ಕಾಲಿಗೆ ಹಾಕಿದ್ದು ಉರೀತು, ಅತ್ತುಬಿಟ್ಟೆ. ಆಮೇಲೆ ಬಾಷಾ ಮಾಮ ಐಸ್‌ಕ್ರೀಮ್ ಕೊಡ್ಸಿದ್ರು. ನೀನು ಹೇಳಿದ್ದು ಸುಳ್ಳು."

"ಹೂಂ ಪುಟ್ಟಿ, ಸುಳ್ಳೇ," ಎಂದ ಮಾರಪ್ಪ.

ಐದೂ ಲಸಿಕೆ ತಪ್ಪದೆ ಆಯಿತು. ಈಗ ಆ ಬೀದಿಯಲ್ಲಿ ಯಾರಿಗೆ ನಾಯಿ ಕಚ್ಚಿದರೂ ಮೊದಲು ಓಡಿಬರುವವನು ಮಾರಪ್ಪ, ಕೈಯಲ್ಲಿ ಸೋಪು ಹಿಡಿದು. ಜಂಬಣ್ಣ ಕೂಡ ಬಂದವರನ್ನು ಆಸ್ಪತ್ರೆಗೇ ಕಳಿಸುತ್ತಾನೆ. ಆದರೆ ಕವನ ನೀರು ಕುಡಿಯುವಾಗಲೆಲ್ಲ ಮಾರಪ್ಪ ಮಾಡುತ್ತಿದ್ದ ಕೆಲಸ ಬಿಟ್ಟು ಅವಳ ಗಂಟಲನ್ನೇ ನೋಡುತ್ತಾನೆ. ಲೋಟ ಖಾಲಿಯಾದ ಮೇಲೆಯೇ ಅವನಿಗೆ ಉಸಿರು ಬರುತ್ತದೆ.

ಅಕ್ಕಂದಿರೇ, ಅಣ್ಣಂದಿರೇ, ನಾಯಿಯೋ ಮರಿಯೋ ಬೆಕ್ಕೋ ಕಚ್ಚಿದರೆ, ಪರಚಿದರೆ, ಆ ಕ್ಷಣವೇ ನಲ್ಲಿಯ ಕೆಳಗೆ ಸೋಪು ಹಚ್ಚಿ ಕಾಲು ಗಂಟೆ ತೊಳೆಯಿರಿ. ಸುಣ್ಣ, ಕಾಫಿಪುಡಿ, ಖಾರದಪುಡಿ ಹಚ್ಚಬೇಡಿ. ಅಂದೇ ಆಸ್ಪತ್ರೆಗೆ ಹೋಗಿ. ಡಾಕ್ಟರು ಹೇಳಿದಷ್ಟೂ ಲಸಿಕೆ ಹಾಕಿಸಿ, ನಡುವೆ ಬಿಡಬೇಡಿ. ಕಚ್ಚಿ ದಿನಗಳಾಗಿದ್ದರೂ ಹೋಗಿ. ಮಕ್ಕಳು ಬೈಗುಳಕ್ಕೆ ಹೆದರಿ ಮುಚ್ಚಿಡುತ್ತಾರೆ, ಪ್ರೀತಿಯಿಂದ ಕೇಳಿ. ಮಾರಪ್ಪನಿಗೆ ಹೇಳಲು ಒಬ್ಬ ಭವಾನಿ ಇದ್ದಳು, ಆ ನೇಪಾಳದ ತಾಯಿಗೆ ಯಾರೂ ಇರಲಿಲ್ಲ. ನಿಮ್ಮ ಪಕ್ಕದ ಮನೆಯವರಿಗೆ ಇವತ್ತೇ ನೀವು ಹೇಳಿ.